ಫೋನ್ ಉಳಿಸಿ ಸತ್ತ ಡಯೋಡು: ಚಿಪ್ಪಿಗೆ ಇಎಸ್‌ಡಿ ರಕ್ಷಣೆ ಹೇಗೆ ಕೊಡ್ತಾರೆ

ಹೋದ ವಾರದ ಮಾತನ್ನ ಬರಹಕ್ಕೆ ಇಳಿಸಿದ್ದೀನಿ. ವಿಡಿಯೋದಲ್ಲಿ ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಿದ್ದನ್ನ ಇಲ್ಲಿ ಮಾತಲ್ಲೇ ಹೇಳಬೇಕಾದ್ದರಿಂದ ಕೆಲವು ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೀನಿ. ಬದ್ಲಾಪುರ ಲೋಕಲ್‌ನಲ್ಲಿ ಸೀಟು ಸಿಕ್ಕವರು ಠಾಣೆ ಬರೋಷ್ಟರಲ್ಲಿ ಮುಗಿಸಬಹುದು.

ಶುರು ಮಾಡೋದು ನಮ್ಮ ಉಲ್ಹಾಸನಗರದ ಒಂದು ಮೊಬೈಲ್ ರಿಪೇರಿ ಅಂಗಡಿಯಿಂದ. ಜನವರಿಯಲ್ಲಿ ಅವ್ವ ಬಾಗಲಕೋಟೆಯಿಂದ ಬಂದಿದ್ದಳು. ಬರುವಾಗಲೇ ಅವಳ ಫೋನ್ ಚಾರ್ಜ್ ಆಗೋದು ನಿಂತಿತ್ತು. ಅಂಗಡಿ ಹುಡುಗ ಫೋನ್ ಬಿಚ್ಚಿ, ಚಾರ್ಜಿಂಗ್ ಪೋರ್ಟಿನ ಪಕ್ಕ ಮಲ್ಟಿಮೀಟರಿನ ಕಡ್ಡಿ ಇಟ್ಟ. ಬೀಪ್ ಅಂತು, ಅಂದ್ರೆ ಶಾರ್ಟ್. ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಕರಿ ತುಣುಕನ್ನ ಬಿಸಿಗಾಳಿ ಹಾಯಿಸಿ ಕಿತ್ತು ಎಸೆದ. ಚಾರ್ಜರ್ ಚುಚ್ಚಿದ. ಚಾರ್ಜ್ ಶುರುವಾಯ್ತು. "ಹೋ ಗಯಾ ಸಾಬ್. ಇಸ್ಕೇ ಬಿನಾ ಭೀ ಚಲ್ತಾ ಹೈ" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಆ ತುಣುಕು ಒಂದು ಟಿವಿಎಸ್ ಡಯೋಡು. ಫೋನ್ ಸರಿಯಾಗಿ ನಡೀತಿರುವಾಗ ಅದು ಏನೂ ಮಾಡಲ್ಲ. ಹೊರಗಿಂದ ದೊಡ್ಡ ವೋಲ್ಟೇಜ್ ನುಗ್ಗಿದಾಗ ಮಾತ್ರ ಅದನ್ನ ನೆಲಕ್ಕೆ, ಅಂದ್ರೆ ಗ್ರೌಂಡಿಗೆ, ಹರಿಸಿಬಿಡುತ್ತೆ. ತನ್ನ ತಾಕತ್ತಿಗೆ ಮೀರಿದ ಏಟು ಬಿದ್ರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತೆ. ಅವ್ವನ ಫೋನಿಗೆ ಬಿದ್ದದ್ದು ನೈಲಾನ್ ಸೀರೆ, ಸ್ವೆಟರಿನ ಸ್ಟ್ಯಾಟಿಕ್ಕೋ ಅಗ್ಗದ ಚಾರ್ಜರಿನ ಸರ್ಜೋ ಹೇಳೋಕಾಗಲ್ಲ. ಆದ್ರೆ "ಅದಿಲ್ಲದೆಯೂ ನಡೆಯುತ್ತೆ" ಅನ್ನೋ ಮಾತು ಕೇಳಿ ನನಗೆ ಮೈ ಚುರ್ ಅಂತು. ಎಂ.ಟೆಕ್ ಮಾಡುವಾಗ ನಾನು ಇದೇ ಮಾತನ್ನ ಇಂಗ್ಲಿಷಿನಲ್ಲಿ, ಸಿಮ್ಯುಲೇಶನ್ ಗ್ರಾಫ್ ಸಮೇತ ಹೇಳಿದ್ದೆ. ಆ ಕತೆಗೆ ಆಮೇಲೆ ಬರ್ತೀನಿ. ಮೊದಲು ಏಟು ಎಷ್ಟು ದೊಡ್ಡದು ನೋಡೋಣ.

ನಮ್ಮ ಕಡೆಯವರಿಗೆ ಇದು ಗೊತ್ತಿರೋದೇ. ಚಳಿಗಾಲದಲ್ಲಿ ರಾತ್ರಿ ಸ್ವೆಟರ್ ತೆಗೆದ್ರೆ ಚಟಚಟ ಅನ್ನುತ್ತೆ, ಕತ್ತಲಲ್ಲಿ ಕಿಡಿ ಕಾಣುತ್ತೆ. ಕೈಗೆ ಚುರುಕ್ ಅಂತ ತಾಗೋ ಮಟ್ಟಕ್ಕೆ ಬರಬೇಕಾದ್ರೆ ಮೈಮೇಲಿನ ವೋಲ್ಟೇಜ್ ಸುಮಾರು 3,000 ದಾಟಿರಬೇಕು. ಅಂದ್ರೆ 1,000 ಅಥವಾ 2,000 ವೋಲ್ಟಿನ ಡಿಸ್ಚಾರ್ಜ್ ನಮ್ಮ ಬೆರಳಿಂದ ಆದ್ರೆ ನಮಗೆ ಗೊತ್ತೇ ಆಗಲ್ಲ. ಇಎಸ್‌ಡಿ ಕೈಪಿಡಿಗಳಲ್ಲಿ ತುಂಬಾ ಹಳೆಯ ಒಂದು ಟೇಬಲ್ ಸುತ್ತುತ್ತಾ ಇರುತ್ತೆ: ಒಣ ಹವೆಯಲ್ಲಿ ಕಾರ್ಪೆಟ್ ಮೇಲೆ ನಡೆದ್ರೆ 35,000 ವೋಲ್ಟ್ ವರೆಗೆ, ತೇವ 65ರಿಂದ 90 ಶೇಕಡಾ ಇದ್ದಾಗ 1,500 ವೋಲ್ಟ್. "ಮುಂಬಯಿ ಕಡೆ ಹವೆ ಯಾವಾಗಲೂ ಪಸೆ, ಇಲ್ಲಿ ಸ್ಟ್ಯಾಟಿಕ್ ಎಲ್ಲಿಂದ ಬಂತು" ಅಂತ ಆಫೀಸಿನಲ್ಲಿ ಕೇಳೋರು ಆ ಎರಡನೇ ಸಂಖ್ಯೆಯನ್ನ ಇನ್ನೊಂದು ಸಲ ನೋಡಬೇಕು. ಆ 1,500 ಕೂಡ ನಮಗೆ ತಾಗೋ ಮಟ್ಟಕ್ಕಿಂತ ಕೆಳಗೇ ಇದೆ, ಚಿಪ್ಪಿಗೆ ಮಾತ್ರ ಬೇಕಾದಷ್ಟಾಯ್ತು. ಜೊತೆಗೆ ಏರೋಲಿಯ ಆಫೀಸ್ ಒಳಗಿನ ಎಸಿ ಹವೆ ಹೊರಗಿನ ಹವೆಯಷ್ಟು ಪಸೆ ಇರಲ್ಲ.

ಎಂಜಿನಿಯರುಗಳು ಮನುಷ್ಯನ ಮೈಯನ್ನ ಎರಡೇ ಬಿಡಿಭಾಗಕ್ಕೆ ಇಳಿಸಿಬಿಟ್ಟಿದ್ದಾರೆ: 100 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್, ಅದರ ಮುಂದೆ 1,500 ಓಮ್‌ನ ಒಂದು ರೆಸಿಸ್ಟರ್. ಇದಕ್ಕೆ ಹ್ಯೂಮನ್ ಬಾಡಿ ಮಾಡೆಲ್, ಚಿಕ್ಕದಾಗಿ ಎಚ್‌ಬಿಎಂ ಅಂತಾರೆ. ಲೆಕ್ಕ ನೀವೇ ಹಾಕಬಹುದು. 2,000 ವೋಲ್ಟನ್ನ 1,500 ಓಮ್‌ನಿಂದ ಭಾಗಿಸಿದ್ರೆ 1.33 ಆಂಪಿಯರ್. ಕೆಲವು ಮಿಲಿಆಂಪಿಯರಿಗೆ ಅಂತ ಕಟ್ಟಿದ ಪಿನ್ನಿನ ಮೇಲೆ ಒಂದಕ್ಕಿಂತ ಹೆಚ್ಚು ಆಂಪಿಯರ್! ಅದು ಇಳಿಯೋಕೆ ಬೇಕಾಗೋ ಕಾಲ 150 ನ್ಯಾನೋಸೆಕೆಂಡಿನ ಆಸುಪಾಸು. ಒಟ್ಟು ಶಕ್ತಿ ನೋಡಿದ್ರೆ 0.2 ಮಿಲಿಜೂಲ್, ಒಂದು ಹನಿ ನೀರನ್ನೂ ಬಿಸಿ ಮಾಡಲ್ಲ. ಆದ್ರೆ ಅದೆಲ್ಲಾ ಹೋಗಿ ಬೀಳೋದು ಮೈಕ್ರಾನ್ ಲೆಕ್ಕದ ಜಾಗದಲ್ಲಿ, ಶಾಖ ಹರಡೋಕೆ ಪುರಸೊತ್ತೇ ಇಲ್ಲದಷ್ಟು ಬೇಗ. ಸಿಲಿಕಾನ್ ಕರಗೋದು 1,414 ಡಿಗ್ರಿಗೆ. ಅಷ್ಟು ಚಿಕ್ಕ ಜಾಗದಲ್ಲಿ ಆ ಶಾಖ ಮುಟ್ಟೋದು ಕಷ್ಟವಲ್ಲ.

ಇನ್ನು ಟ್ರಾನ್ಸಿಸ್ಟರಿನ ಗೇಟ್ ಕೆಳಗಿರೋ ಗಾಜಿನ ಪೊರೆ, ಗೇಟ್ ಆಕ್ಸೈಡ್. ಒರಟಾಗಿ ಹೇಳೋದಾದ್ರೆ ಅದು ಒಂದು ನ್ಯಾನೋಮೀಟರಿಗೆ ಒಂದು ವೋಲ್ಟ್ ತಡೆಯುತ್ತೆ. ನಾನು ಎಂ.ಟೆಕ್‌ನಲ್ಲಿ ಬಳಸಿದ 180 ನ್ಯಾನೋಮೀಟರ್ ತಂತ್ರದಲ್ಲಿ ಪೊರೆ ಸುಮಾರು 4 ನ್ಯಾನೋಮೀಟರ್ ದಪ್ಪ. ಅಂದ್ರೆ ನಾಲ್ಕು ವೋಲ್ಟು, ನ್ಯಾನೋಸೆಕೆಂಡುಗಳ ಏಟಾದ್ರೆ ಇನ್ನಷ್ಟು. ಎದುರಿಗೆ ಬರ್ತಿರೋದು ಎರಡು ಸಾವಿರ. ಬರೀ ಗೇಟಿಗೆ ಹೋಗೋ ಪಿನ್ನಾದ್ರೆ ಕರೆಂಟ್ ಹರಿದು ಹೋಗೋಕೆ ದಾರಿಯೇ ಇಲ್ಲ, ಚಾರ್ಜ್ ಅಲ್ಲೇ ತುಂಬ್ತಾ ತುಂಬ್ತಾ ಪೊರೆಯನ್ನ ತೂತು ಮಾಡಿಕೊಂಡೇ ಹೊರಗೆ ಹೋಗುತ್ತೆ.

ಹಾಗಾಗಿ ಮಾಡೋ ಕೆಲಸ ಇಷ್ಟೇ: ಪೊರೆಯ ದಾರಿಗಿಂತ ಸುಲಭದ ಇನ್ನೊಂದು ದಾರಿ ಕೊಡೋದು. ಪ್ರತಿ ಪಿನ್ನಿನ ಪ್ಯಾಡಿನ ಹತ್ತಿರ ಎರಡು ಡಯೋಡು. ಒಂದು ಪ್ಯಾಡಿನಿಂದ ಮೇಲಿನ ಸಪ್ಲೈ ಹಳಿಗೆ, ಇನ್ನೊಂದು ಕೆಳಗಿನ ಗ್ರೌಂಡ್ ಹಳಿಯಿಂದ ಪ್ಯಾಡಿಗೆ. ಮಾಮೂಲಿ ಸಿಗ್ನಲ್ ಇದ್ದಾಗ ಎರಡೂ ಉಲ್ಟಾ, ಮುಚ್ಚಿಕೊಂಡಿರುತ್ತವೆ. ಪಿನ್ನಿನ ಮೇಲೆ ಪಾಸಿಟಿವ್ ಏಟು ಬಿತ್ತು ಅನ್ನಿ, ಮೇಲಿನ ಡಯೋಡ್ ತೆರೆದು ಕರೆಂಟನ್ನ ಸಪ್ಲೈ ಹಳಿಗೆ ಏರಿಸುತ್ತೆ. ಅಲ್ಲಿಂದ ಗ್ರೌಂಡಿಗೆ ಇಳಿಸೋಕೆ ಎರಡು ಹಳಿಗಳ ನಡುವೆ ಒಂದು ದೊಡ್ಡ ಬಾಗಿಲು ಬೇಕು. ಅದಕ್ಕೆ ಪವರ್ ಕ್ಲ್ಯಾಂಪ್ ಅಂತ ಹೆಸರು.

ಸಾಫ್ಟ್‌ವೇರ್ ಮಂದಿಗೆ ನಿಜವಾಗಿ ರುಚಿಸೋದು ಈ ಕ್ಲ್ಯಾಂಪ್. ಯೋಚಿಸಿ ನೋಡಿ: ಏಟು ಬೀಳೋ ಹೊತ್ತಿಗೆ ಚಿಪ್ಪಿಗೆ ಪವರೇ ಇರಲ್ಲ. ಯಾರದೋ ಕೈಯಲ್ಲೋ ಟ್ರೇಯಲ್ಲೋ ಇರುತ್ತೆ. ಕ್ಲಾಕ್ ಇಲ್ಲ, ರೀಸೆಟ್ ಇಲ್ಲ, ಯಾವ ಕೋಡೂ ಓಡ್ತಿಲ್ಲ. ಬೂಟ್ ಆಗೋದಕ್ಕೆ ಮೊದಲೇ ಓಡಬೇಕಾದ ಎಕ್ಸೆಪ್ಶನ್ ಹ್ಯಾಂಡ್ಲರ್ ಇದು, ಅದಕ್ಕೆ ಪವರ್ ಸಿಗೋದೂ ಆ ಎಕ್ಸೆಪ್ಶನ್‌ನಿಂದಲೇ. ಒಳಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಒಂದು ಇನ್ವರ್ಟರ್, ಕೊನೆಗೆ ಸಾವಿರಾರು ಮೈಕ್ರಾನ್ ಅಗಲದ ಒಂದು ಮಾಸ್‌ಫೆಟ್. ಆರ್ ಮತ್ತು ಸಿ ಗುಣಿಸಿದ್ರೆ ಬರೋ ಕಾಲ ಒಂದು ಮೈಕ್ರೋಸೆಕೆಂಡಿನ ಆಸುಪಾಸು. ಸಪ್ಲೈ ಹಳಿ ಹತ್ತು ನ್ಯಾನೋಸೆಕೆಂಡಿನಲ್ಲಿ ಜಿಗಿದ್ರೆ ಕೆಪಾಸಿಟರ್ ಅಷ್ಟು ಬೇಗ ಹಿಂಬಾಲಿಸೋಕಾಗಲ್ಲ. ಇನ್ವರ್ಟರ್ ಅದನ್ನ ಕಂಡು ಮಾಸ್‌ಫೆಟ್ಟನ್ನ ತೆರೆಯುತ್ತೆ. ನೀವು ಸ್ವಿಚ್ ಹಾಕಿ ಬೋರ್ಡನ್ನ ಆನ್ ಮಾಡಿದಾಗ ಹಳಿ ಏರೋದು ಮಿಲಿಸೆಕೆಂಡ್ ಲೆಕ್ಕದಲ್ಲಿ. ಆಗ ಕೆಪಾಸಿಟರ್ ಆರಾಮಾಗಿ ಜೊತೆಗೇ ಏರುತ್ತೆ, ಬಾಗಿಲು ಮುಚ್ಚೇ ಇರುತ್ತೆ. ಬರೋನು ಕಳ್ಳನೋ ಮನೆಯವನೋ ಅಂತ ಬರೀ ಓಟದ ವೇಗ ನೋಡಿ ಗುರುತಿಸೋ ಕಾವಲುಗಾರ ಅನ್ನಬಹುದು. ಇವನು ಮೋಸ ಹೋಗೋದೂ ಉಂಟು. ಪವರ್ ಇರೋ ಕೇಬಲ್ಲನ್ನ ಹಾಗೇ ಚುಚ್ಚಿದಾಗ ಹಳಿ ಬೇಗ ಏರಿ ಕ್ಲ್ಯಾಂಪ್ ಸುಮ್ಮನೆ ತೆರೆದುಕೊಂಡು ಸಪ್ಲೈಯನ್ನೇ ನೆಲಕ್ಕೆ ಹರಿಸಬಹುದು. ಆರ್‌ಸಿ ಚಿಕ್ಕದು ಮಾಡಿದ್ರೆ ಏಟು ಪೂರಾ ಇಳಿಯೋ ಮೊದಲೇ ಬಾಗಿಲು ಮುಚ್ಚಿಕೊಳ್ಳುತ್ತೆ. ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನೋದೇ ಡಿಸೈನ್.

ವೋಲ್ಟೇಜಿನ ಲೆಕ್ಕದಲ್ಲೂ ಹೀಗೇ ಇಕ್ಕಟ್ಟು. 180 ನ್ಯಾನೋಮೀಟರಿನಲ್ಲಿ ಸಪ್ಲೈ 1.8 ವೋಲ್ಟ್. ಅದು ಹತ್ತು ಪರ್ಸೆಂಟ್ ಏರಿದ್ರೂ ಕ್ಲ್ಯಾಂಪ್ ತಟಸ್ಥವಾಗಿರಬೇಕು. ಆ ಕಡೆ ಆಕ್ಸೈಡ್ ಒಡೆಯೋ ಮಟ್ಟ. ಈ ಎರಡು ಗೋಡೆಗಳ ನಡುವಿನ ಸಂದಿಗೆ ಡಿಸೈನ್ ವಿಂಡೋ ಅಂತಾರೆ. ಮೇಲಿನ ಡಯೋಡಿನ ಮೇಲೆ ಒಂದೂವರೆ ವೋಲ್ಟ್, ಕ್ಲ್ಯಾಂಪ್ ಮೇಲೆ ಎರಡು ವೋಲ್ಟ್ ಬಿತ್ತು ಅಂತಿಟ್ಟುಕೊಳ್ಳಿ. ಪ್ಯಾಡಿನಿಂದ ಕ್ಲ್ಯಾಂಪ್ ವರೆಗಿನ ಲೋಹದ ಹಳಿಗೆ ಒಂದೇ ಓಮ್ ರೆಸಿಸ್ಟೆನ್ಸ್ ಇದ್ರೂ 1.33 ಆಂಪಿಯರಿಗೆ ಇನ್ನೂ 1.33 ವೋಲ್ಟ್ ಸೇರುತ್ತೆ. ಆಗಲೇ ಐದರ ಹತ್ತಿರ ಬಂದ್ವಿ. ಲೇಔಟ್ ಮಾಡೋನು ಜಾಗ ಉಳಿಸೋಕೆ ಹಳಿಯನ್ನ ಸಪೂರ ಮಾಡಿ ಮೂರು ಓಮ್ ಮಾಡಿದ್ರೆ ಹಳಿಯೊಂದೇ ನಾಲ್ಕು ವೋಲ್ಟ್ ತಿಂದುಹಾಕುತ್ತೆ. ಸ್ಕೀಮ್ಯಾಟಿಕ್‌ನಲ್ಲಿ ಡಯೋಡೂ ಇದೆ, ಕ್ಲ್ಯಾಂಪೂ ಇದೆ, ರಿವ್ಯೂನಲ್ಲಿ ಎಲ್ಲರೂ ತಲೆಯಾಡಿಸ್ತಾರೆ. ಚಿಪ್ ಸಾಯೋದು ಸ್ಕೀಮ್ಯಾಟಿಕ್‌ನಲ್ಲಿ ಬರೆಯದ ತಂತಿಯಲ್ಲಿ.

ಕೆಲವರು ಕ್ಲ್ಯಾಂಪಿಗೆ ಬದಲು, ಅಥವಾ ಜೊತೆಗೆ, ಗೇಟನ್ನ ನೆಲಕ್ಕೆ ಕಟ್ಟಿದ ಎನ್‌ಮಾಸ್ ಬಳಸ್ತಾರೆ. ಒಂದು ಮಟ್ಟ ಮೀರಿದ ಮೇಲೆ ಅದರೊಳಗೆ ಅಡಗಿರೋ ಬೈಪೋಲಾರ್ ಟ್ರಾನ್ಸಿಸ್ಟರ್ ಎದ್ದು ವೋಲ್ಟೇಜನ್ನ ಕೆಳಗೆಳೆಯುತ್ತೆ. ಇದರ ಕಾಟ ಬೇರೆ. ದೊಡ್ಡ ಕರೆಂಟ್ ಹರಿಸೋಕೆ ಇಂಥ ಹತ್ತಿಪ್ಪತ್ತು ಬೆರಳುಗಳನ್ನ ಪಕ್ಕಪಕ್ಕ ಇಟ್ಟಿರ್ತಾರೆ. ಅದ್ರಲ್ಲಿ ಒಂದು ಮೊದಲು ಎದ್ದಿತು ಅಂದ್ರೆ ವೋಲ್ಟೇಜ್ ಬಿದ್ದುಹೋಗಿ ಉಳಿದವು ಏಳೋದೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಗಿದ್ದು ನೆನಪಿದೆಯಲ್ಲ? ಅಲ್ಲಿ ಒಂದರ ಮೇಲಿನ ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆದ್ರು. ಇಲ್ಲಿ ಹಾಗೆ ತೆರೆಯೋಕೆ ಯಾರೂ ಇಲ್ಲ, ಇಡೀ ಹೊಳೆ ಒಂದೇ ಗೇಟಿನಲ್ಲಿ ಹರಿದು ಅದು ಕರಗಿಹೋಗುತ್ತೆ. ಇದಕ್ಕೆ ಮದ್ದು, ಪ್ರತಿ ಬೆರಳಿನ ಸರಣಿಯಲ್ಲಿ ಬೇಕಂತಲೇ ಸ್ವಲ್ಪ ರೆಸಿಸ್ಟೆನ್ಸ್ ಇಡೋದು. ಒಂದರಲ್ಲಿ ಕರೆಂಟ್ ಜಾಸ್ತಿಯಾದಾಗ ವೋಲ್ಟೇಜ್ ಮತ್ತೆ ಏರಿ ಪಕ್ಕದ್ದನ್ನೂ ಎಬ್ಬಿಸುತ್ತೆ.

ಇದೇ ರೀತಿಯ ಕರೆಂಟ್ ಒಂದೇ ಕಡೆ ಗುಂಪುಗೂಡೋ ರೋಗದ ಮೇಲೆ ನಮ್ಮ ಪಕ್ಕದಲ್ಲೇ, ಪವಾಯಿಯ ಐಐಟಿ ಬಾಂಬೆಯಲ್ಲಿ ಒಳ್ಳೆ ಕೆಲಸ ಆಗಿದೆ. ಕಡಿಮೆ ವೋಲ್ಟೇಜಿನ ಚಿಪ್ಪಿನೊಳಗೇ ಹೆಚ್ಚು ವೋಲ್ಟೇಜ್ ತಡೆಯೋಕೆ ಡ್ರೈನನ್ನ ಉದ್ದಕ್ಕೆ ಎಳೆದ ಟ್ರಾನ್ಸಿಸ್ಟರುಗಳಿರ್ತವೆ. ಇಎಸ್‌ಡಿ ಏಟಿಗೆ ಇವು ಅಗಲಕ್ಕೆ ತಕ್ಕಷ್ಟು ತಡೆಯದೆ ಬೇಗ ಸಾಯ್ತವೆ. ಹೆಚ್ಚು ಕರೆಂಟಿನಲ್ಲಿ ಎಲೆಕ್ಟ್ರಾನುಗಳ ಗುಂಪೇ ಒಳಗಿನ ವಿದ್ಯುತ್ ಕ್ಷೇತ್ರದ ಶಿಖರವನ್ನ ಡ್ರೈನ್ ಕಡೆಗೆ ತಳ್ಳುತ್ತೆ, ಅಲ್ಲಿ ಕರೆಂಟ್ ಒಂದು ಎಳೆಯಾಗಿ ಕೂಡಿಕೊಂಡು ಸುಡುತ್ತೆ. ಮಯಾಂಕ್ ಶ್ರೀವಾಸ್ತವ, ಮರಿಯಮ್ ಶೊಜಾಯಿ ಬಾಘಿನಿ, ವಿ. ರಾಮಗೋಪಾಲ್ ರಾವ್ ಅವರು ಇನ್ಫಿನಿಯಾನ್‌ನ ಹರಾಲ್ಡ್ ಗೋಸ್ನರ್ ಜೊತೆ 2010ರಲ್ಲಿ ಇದನ್ನ ಬಿಡಿಸಿ ಪ್ರಕಟಿಸಿದ್ರು. ಶ್ರೀವಾಸ್ತವ ಆಮೇಲೆ ಬೆಂಗಳೂರಿನ ಐಐಎಸ್‌ಸಿ ಸೇರಿ ಅಲ್ಲಿ ಇದೇ ದಾರಿಯಲ್ಲಿ ಗುಂಪು ಕಟ್ಟಿದ್ದಾರೆ. ಪವಾಯಿಯಿಂದ ಮಲ್ಲೇಶ್ವರದ ಕಡೆಗೆ! ನಾವೆಲ್ಲಾ ಹಿಡಿದ ಬಸ್ಸಿನ ಉಲ್ಟಾ ದಿಕ್ಕು.

ಇಂಥ ಅಳತೆ ಮಾಡೋದು ಹೇಗೆ ಅಂತ ವಿಡಿಯೋ ಕೆಳಗೆ ಒಬ್ಬರು ಕೇಳಿದ್ರು. 1985ರಲ್ಲಿ ಇಂಟೆಲ್‌ನ ಮಲೋನಿ ಮತ್ತು ಖುರಾನಾ ತೋರಿಸಿದ ಸೊಗಸಾದ ಉಪಾಯ ಇದೆ. ಸುಮಾರು ಹತ್ತು ಮೀಟರ್ ಕೋಆಕ್ಸಿಯಲ್ ಕೇಬಲ್ಲನ್ನ ಚಾರ್ಜ್ ಮಾಡಿ ಒಂದು ತುದಿಯಿಂದ ಚಿಪ್ಪಿಗೆ ಬಿಡೋದು. ಅಲೆ ಕೇಬಲ್ಲಿನ ಆ ತುದಿಗೆ ಹೋಗಿ ಬರೋಕೆ 100 ನ್ಯಾನೋಸೆಕೆಂಡ್ ಬೇಕು, ಅಷ್ಟು ಹೊತ್ತು ಚೌಕಾಕಾರದ ಚೊಕ್ಕ ಪಲ್ಸ್ ಸಿಗುತ್ತೆ. ಟಿವಿ ಕೇಬಲ್ ಜಾತಿಯದೇ ತಂತಿ. ವೋಲ್ಟೇಜನ್ನ ಸ್ವಲ್ಪ ಸ್ವಲ್ಪವೇ ಏರಿಸ್ತಾ, ಪ್ರತಿ ಏಟಿನ ನಂತರ ಪಿನ್ನಿನ ಸೋರಿಕೆ ಅಳೀತಾ ಹೋದ್ರೆ ಯಾವ ಆಂಪಿಯರಿಗೆ ಪ್ರಾಣ ಹೋಯ್ತು ಅಂತ ಗೊತ್ತಾಗುತ್ತೆ.

ಈಗ ನನ್ನ ಕತೆ. ಎಂ.ಟೆಕ್ ಪ್ರಾಜೆಕ್ಟಿನಲ್ಲಿ ನಾನು ಮಾಡ್ತಿದ್ದದ್ದು ಒಂದು ಸೆನ್ಸರಿನ ಅತಿ ಸಣ್ಣ ಕರೆಂಟ್ ಅಳೆಯೋ ಆಂಪ್ಲಿಫೈಯರ್. ಪಿಕೋಆಂಪಿಯರ್ ಲೆಕ್ಕ. ಪ್ಯಾಡಿನ ಜೊತೆ ಸಿದ್ಧವಾಗಿ ಬಂದಿದ್ದ ಎರಡು ಡಯೋಡುಗಳು ಉಲ್ಟಾ ಇದ್ದಾಗಲೂ ಸ್ವಲ್ಪ ಸೋರ್ತವೆ, ಬಿಸಿಯಾದಷ್ಟೂ ಹೆಚ್ಚು. ನಾನು ಅಳೆಯಬೇಕಾದ ಕರೆಂಟಿಗಿಂತ ಆ ಸೋರಿಕೆಯೇ ದೊಡ್ಡದಾಗಿ ಕಾಣ್ತಿತ್ತು. ಅದಕ್ಕೇ ಆ ಒಂದು ಪಿನ್ನಿಗೆ ಡಯೋಡ್ ಬೇಡ, ಬರೀ ಪ್ಯಾಡ್ ಸಾಕು ಅಂದೆ. ಗೈಡ್ ಎರಡು ಸಲ ಹೇಳಿದ್ರು: "ಗೇಟಿನ ಮುಂದೆ ನೂರಿನ್ನೂರು ಓಮ್ ಆದ್ರೂ ಇಡಪ್ಪ, ಅದರಾಚೆ ಒಂದು ಪುಟ್ಟ ಡಯೋಡ್ ಇಡು." ರೆಸಿಸ್ಟರ್ ಇಟ್ರೆ ನಾಯ್ಸ್ ಬರುತ್ತೆ ಸರ್ ಅಂದೆ. ಕೈಗೆ ಸ್ಟ್ರಾಪ್ ಕಟ್ಟಿಕೊಂಡು ಟೆಸ್ಟ್ ಮಾಡ್ತೀನಿ, ಇದಿಲ್ಲದೆಯೂ ನಡೆಯುತ್ತೆ ಅಂದೆ. ಗ್ರಾಫ್ ನನ್ನ ಕಡೆ ಇತ್ತು. ಅವರು ಸುಮ್ಮನಾದ್ರು.

ಚಿಪ್ ಬರೋಕೆ ಎಂಟು ತಿಂಗಳು ಹಿಡೀತು. ಡಿಸೆಂಬರ್ ಬೆಳಗ್ಗೆ ಕೊರಿಯರ್ ಬಂತು, ಪ್ಲಾಸ್ಟಿಕ್ ಟ್ಯೂಬಿನಲ್ಲಿ ಹತ್ತು ಚಿಪ್. ಸ್ವೆಟರ್ ಹಾಕಿಕೊಂಡೇ ಲ್ಯಾಬಿಗೆ ಓಡಿದೆ. ಸ್ಟ್ರಾಪ್ ಯಾರೋ ಒಯ್ದಿದ್ರು. ಕಾಯೋ ತಾಳ್ಮೆ ಎಲ್ಲಿಂದ ಬರಬೇಕು? ಮೊದಲನೇ ಚಿಪ್ ಹಾಕಿದೆ. ಪಿಕೋಆಂಪಿಯರ್ ಬರಬೇಕಾದ ಕಡೆ ಮಿಲಿಆಂಪಿಯರ್. ಸಾಕೆಟ್ ಸರಿ ಇಲ್ಲ ಅಂದುಕೊಂಡು ಎರಡನೆಯದು, ಮೂರನೆಯದು. ಆರು ಹೋದ ಮೇಲೆ ಬುದ್ಧಿ ಬಂತು. ಸ್ಟ್ರಾಪ್ ಹುಡುಕಿ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಏಳನೆಯದನ್ನ ಟ್ಯೂಬಿನಿಂದ ಜಾರಿಸಿದೆ. ಅದೂ ಸತ್ತಿತ್ತು. ಹತ್ತೂ ಸತ್ತಿದ್ವು.

ಸ್ಟ್ರಾಪ್ ಕಟ್ಟಿಕೊಂಡ ಮೇಲೂ ಯಾಕೆ ಸತ್ತಿತು ಅನ್ನೋದು ಅರ್ಥವಾಗೋಕೆ ನನಗೆ ತಿಂಗಳು ಬೇಕಾಯ್ತು. ಸ್ಟ್ರಾಪ್ ತಡೆಯೋದು ನನ್ನ ಮೈಯ ಚಾರ್ಜನ್ನ. ಆದ್ರೆ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಜಾರುವಾಗ ಚಿಪ್ಪೇ ಚಾರ್ಜ್ ಆಗುತ್ತೆ. ಹೊರಗೆ ಬಂದು ಅದರ ಒಂದು ಪಿನ್ನು ಲೋಹಕ್ಕೆ ತಾಗಿದ ಕೂಡಲೇ ಒಳಗಿದ್ದದ್ದೆಲ್ಲಾ ಆ ಒಂದೇ ಪಿನ್ನಿನಿಂದ ಹೊರಗೆ. ಇದಕ್ಕೆ ಚಾರ್ಜ್ಡ್ ಡಿವೈಸ್ ಮಾಡೆಲ್, ಸಿಡಿಎಂ ಅಂತಾರೆ. ಬೆಳಗ್ಗೆ ಠಾಣೆಯಲ್ಲಿ ಡಬ್ಬದ ಅಷ್ಟೂ ಜನ ಪ್ಲಾಟ್‌ಫಾರ್ಮ್ ಕಡೆಯ ಬಾಗಿಲಿಗೆ ನುಗ್ಗೋದು ನೋಡಿದ್ದೀರಲ್ಲ, ಹಾಗೆ. ಮೈಯ ಏಟಿನಲ್ಲಿ ನಡುವೆ 1,500 ಓಮ್ ಇತ್ತು, ಇಲ್ಲಿ ತಡೆಯೋಕೆ ಹೆಚ್ಚುಕಡಿಮೆ ಏನೂ ಇಲ್ಲ. ಒಂದು ನ್ಯಾನೋಸೆಕೆಂಡಿನಷ್ಟರಲ್ಲಿ ಹಲವಾರು ಆಂಪಿಯರ್ ಹರಿದು ಮುಗಿದುಹೋಗಿರುತ್ತೆ. ಗೈಡ್ ಹೇಳಿದ್ದ ಗೇಟಿನ ಪಕ್ಕದ ರೆಸಿಸ್ಟರ್, ಪುಟ್ಟ ಡಯೋಡ್ ಇರೋದೇ ಇದಕ್ಕೆ. ಸೋರಿಕೆಗೂ ಮದ್ದಿತ್ತು. ಡಯೋಡಿನ ಇನ್ನೊಂದು ತುದಿಯನ್ನ ಸಪ್ಲೈಗೆ ಕಟ್ಟದೆ ಇನ್‌ಪುಟ್ಟಿನಷ್ಟೇ ವೋಲ್ಟೇಜಿನಲ್ಲಿ ಇಟ್ಟರೆ ಎರಡೂ ಕಡೆ ಸಮ, ಸೋರೋಕೆ ಕಾರಣವೇ ಇರಲ್ಲ. ಹಳೆಯ ಉಪಾಯ. ಥೀಸಿಸ್ಸನ್ನ ಸಿಮ್ಯುಲೇಶನ್ ಮೇಲೆ ಬರೆದು ಮುಗಿಸಿದೆ. ವೈವಾದಲ್ಲಿ "ಚಿಪ್ ರಿಸಲ್ಟ್ ಎಲ್ಲಿ" ಅಂದಾಗ ತಲೆ ತಗ್ಗಿಸಿದೆ. ಅಳತೆ ಇಲ್ಲದ ಪ್ರಾಜೆಕ್ಟ್ ಹಿಡಿದುಕೊಂಡು ಅನಲಾಗ್ ಕೆಲಸಕ್ಕೆ ಎರಡು ಕಡೆ ಹೋಗಿ ಬಂದೆ, ಆಗಲಿಲ್ಲ. ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪನಿ ಕರೆದುಕೊಂಡಿತು, ನವಿ ಮುಂಬಯಿಗೆ ಕಳಿಸಿತು.

ರಕ್ಷಣೆಗೆ ಬೆಲೆ ಇದೆ ಅನ್ನೋ ನನ್ನ ಆಗಿನ ವಾದ ಮಾತ್ರ ತಪ್ಪಲ್ಲ. ವೇಗದ ಸಿಗ್ನಲ್ ಪಿನ್ನಿನ ಮೇಲೆ ಅರ್ಧ ಪಿಕೋಫ್ಯಾರಡ್ ಡಯೋಡ್ ಇಟ್ಟರೆ 5 ಗಿಗಾಹರ್ಟ್ಸ್‌ಗೆ ಅದು ಸುಮಾರು 64 ಓಮ್‌ನಂತೆ ಕಾಣುತ್ತೆ. ಸಿಗ್ನಲ್ ಬರೋ ದಾರಿಯೇ 50 ಓಮ್. ಅಂದ್ರೆ ಕಾವಲುಗಾರನೇ ಬಾಗಿಲಿನ ಅರ್ಧ ತುಂಬಿಕೊಂಡು ನಿಂತ ಹಾಗೆ. ಅದಕ್ಕೇ ಇದು ಕೊನೆಗೆ ಚೌಕಾಶಿಯ ವಿಷಯ ಆಗುತ್ತೆ. ಎಷ್ಟೋ ವರ್ಷ 2,000 ವೋಲ್ಟ್ ಎಚ್‌ಬಿಎಂ ಅನ್ನೋದು ಪ್ರಶ್ನಿಸಬಾರದ ಸಂಖ್ಯೆಯಾಗಿತ್ತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಚಾರ್ವಾಕ ದುವ್ವೂರಿ ಮತ್ತು ಮೇಲೆ ಹೇಳಿದ ಗೋಸ್ನರ್ ಮುಂದೆ ನಿಂತು ಕಟ್ಟಿದ ಉದ್ಯಮದ ಒಂದು ಮಂಡಳಿ 2007ರಲ್ಲಿ 1,000 ಸಾಕು ಅಂತ ಶ್ವೇತಪತ್ರ ಹೊರಡಿಸಿತು. ಮೂಲಭೂತ ಎಚ್ಚರಿಕೆ ಪಾಲಿಸೋ ಕಾರ್ಖಾನೆಗಳಲ್ಲಿ 2,000ದ ಚಿಪ್ಪಿಗೂ ಅದಕ್ಕಿಂತ ಕಡಿಮೆಯದಕ್ಕೂ ಸಾಯೋ ಲೆಕ್ಕದಲ್ಲಿ ವ್ಯತ್ಯಾಸ ಕಾಣ್ತಿಲ್ಲ ಅನ್ನೋದು ಅವರ ಆಧಾರ. ಮಧ್ಯೆ ಒಂದು ಮಾತು: ಚಾರ್ವಾಕ ಅಂತ ಹೆಸರಿಟ್ಟುಕೊಂಡು ಪ್ರಮಾಣ ಕೇಳದೆ ಹೇಗೆ ಬಿಟ್ಟಾರು?

ಆದ್ರೆ ಈ ಸಂಖ್ಯೆಗಳು ಕಾರ್ಖಾನೆಯೊಳಗೆ, ಸ್ಟ್ರಾಪ್ ಕಟ್ಟಿದವರ ಕೈಯಲ್ಲಿರೋ ಚಿಪ್ಪಿಗೆ. ಮನೆಯಲ್ಲಿರೋ ಫೋನಿನ ಪೋರ್ಟಿಗೆ ಬೇರೆ ಪರೀಕ್ಷೆ: 8,000 ವೋಲ್ಟ್, ಕೆಪಾಸಿಟರ್ 150 ಪಿಕೋಫ್ಯಾರಡ್, ರೆಸಿಸ್ಟರ್ ಬರೀ 330 ಓಮ್, ಮೊದಲ ಏಟಿನ ಶಿಖರ 30 ಆಂಪಿಯರ್. ಚಿಪ್ಪಿನೊಳಗಿನ ಪುಟ್ಟ ಡಯೋಡಿಗೆ ಇದು ಆಗೋ ಕೆಲಸ ಅಲ್ಲ. ಬೋರ್ಡಿನ ಮೇಲೆ, ಪೋರ್ಟಿನ ಬಾಗಿಲಲ್ಲೇ ದೊಡ್ಡಣ್ಣ ಒಬ್ಬ ಕೂತಿರಬೇಕು. ಅಂಗಡಿ ಹುಡುಗ ಕಿತ್ತೆಸೆದದ್ದು ಅವನನ್ನೇ.

ಲ್ಯಾಪ್‌ಟಾಪಿಗೆ ನೀವೇ ರ್‍ಯಾಮ್ ಹಾಕ್ತೀರಾದ್ರೆ ಎರಡು ಮಾತು. ಪವರ್ ತೆಗೆದು, ಮೊದಲು ಲೋಹದ ಚೌಕಟ್ಟು ಮುಟ್ಟಿ, ಆಮೇಲೆ ರ್‍ಯಾಮನ್ನ ಅಂಚು ಹಿಡಿದು ಎತ್ತಿ. ಬಂದ ಚೀಲದಲ್ಲೇ ಇಡಿ. ಬೆಳ್ಳಿ ಬಣ್ಣದ ಚೀಲ ಹೊರಗಿನ ಏಟನ್ನ ತಡೆಯುತ್ತೆ, ಗುಲಾಬಿ ಚೀಲ ತಾನು ಚಾರ್ಜ್ ಆಗಲ್ಲ ಅಷ್ಟೇ, ತಡೆಯಲ್ಲ. ಥರ್ಮಾಕೋಲ್ ಮೇಲಂತೂ ಇಡಲೇಬೇಡಿ.

ಅಂಗಡಿಯಲ್ಲಿ ಹುಡುಗನಿಗೆ ಹೊಸದು ಹಾಕು ಅಂದೆ. ಸ್ಟಾಕ್ ಇಲ್ಲ ಅಂದ, ಯಾರೂ ಕೇಳಲ್ಲ ಸಾಬ್ ಅಂದ. ಒತ್ತಾಯ ಮಾಡಿದ ಮೇಲೆ ಡಬ್ಬಿ ಕೆದಕಿ ಅದೇ ಮಾಡೆಲಿನ ಸತ್ತ ಬೋರ್ಡ್ ಒಂದನ್ನ ತೆಗೆದ. ಅದರ ಪೋರ್ಟಿನ ಪಕ್ಕದ್ದು ಮೀಟರಿಗೆ ಬೀಪ್ ಅನ್ನಲಿಲ್ಲ. ಕಿತ್ತು, ದಿಕ್ಕು ನೋಡಿ, ಅವ್ವನ ಫೋನಿಗೆ ಕೂರಿಸಿ ಕೊಟ್ಟ. ಐವತ್ತು ರೂಪಾಯಿ ಹೆಚ್ಚಿಗೆ ತಗೊಂಡ. ಹೊರಗೆ ಬಂದ ಮೇಲೆ ಅವ್ವ, "ಆಗಲೇ ನಡೀತಿತ್ತಲ್ಲೋ, ಮತ್ತ ಯಾಕ ರೊಕ್ಕ ಕೊಟ್ಟಿ?" ಅಂದಳು. ರಿಕ್ಷಾದಲ್ಲಿ ಮನೆವರೆಗೂ ಇದನ್ನೇ ಹೇಳ್ತಾ ಬಂದೆ, ಆಲ್ಮೋಸ್ಟ್ ನಿಮಗೆ ಹೇಳಿದಷ್ಟೇ ಉದ್ದ.